ಅಂಡಮಾನಿಗೆಂದು ತೆಗೆದ ಸೀರೆ

ಮಂಡ್ಯದ ಬಸ್ ಸ್ಟ್ಯಾಂಡಿನ ಹಿಂದೆ, ಮೊಬೈಲ್ ಅಂಗಡಿಯೊಂದರ ಮಹಡಿಯ ಮೇಲೆ, ಟೂರಿಗೆ ಕಳಿಸುವವನೊಬ್ಬನ ಆಫೀಸಿತ್ತು. ಅವನ ಬಾಯಿ ತುಂಬ ಗುಟ್ಕಾ. ಮಾತಾಡಬೇಕಾದಾಗಲೆಲ್ಲ ಮೇಜಿನ ಕೆಳಗಿಂದ ನೀರಿನ ಬಾಟಲಿಯೊಂದನ್ನು ತೆಗೆದು, ಅದರೊಳಕ್ಕೆ ಉಗಿದು, ಮುಚ್ಚಳ ತಿರುಗಿಸಿ ಮತ್ತೆ ಕೆಳಗಿಡುತ್ತಿದ್ದ. ಬಾಟಲಿ ಆಗಲೇ ಅರ್ಧ ತುಂಬಿತ್ತು. ನೋಡಬಾರದು ಅಂದುಕೊಂಡಷ್ಟೂ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

"ಸರ್ ಬರಲ್ವಾ ಮೇಡಂ?"

"ಇಲ್ಲ. ನಾನು, ನಮ್ಮಕ್ಕ. ಇಬ್ಬರೇ."

"ಬರೀ ಲೇಡೀಸಾ?" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಐವತ್ತು ದಾಟಿದ, ತಲೆ ಅರ್ಧ ನರೆತ, ಮಳವಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳುವ ಹೆಂಗಸು ಅಂಡಮಾನಿಗೆ ಹೋಗಿ ಏನು ಕಡಿದು ಕಟ್ಟೆ ಹಾಕುತ್ತಾಳೆ ಎನ್ನುವ ಪ್ರಶ್ನೆ ಅವನ ಮುಖದ ಮೇಲೇ ಇತ್ತು. ಆಮೇಲೆ ಜಿಡ್ಡು ಹಿಡಿದ ಒಂದು ಲ್ಯಾಮಿನೇಟ್ ಹಾಳೆಯನ್ನು ನನ್ನ ಕಡೆ ತಳ್ಳಿದ. ಅದರ ಮೇಲೆ ತಬ್ಬಿಕೊಂಡು ನಿಂತ ಗಂಡು ಹೆಣ್ಣು, ಹಿಂದೆ ಸಮುದ್ರ.

"ನಾಲ್ಕು ದಿನದ್ದು ಅಂದ್ರೆ ಹನಿಮೂನ್ ಪ್ಯಾಕೇಜೇ ಇರೋದು ಮೇಡಂ. ಮಂಚಕ್ಕೆ ಹೂವಿನ ಡೆಕೋರೇಶನ್, ಒಂದು ಕೇಕು."

"ಹೂವೂ ಬೇಡ, ಕೇಕೂ ಬೇಡ. ಗಾಜಿನ ತಳ ಇರೋ ದೋಣಿ ಇದೆಯಾ ಹೇಳಿ."

"ಅದೂ ಇದೆ. ಆದ್ರೆ ಕೇಕು ತೆಗೆಯೋಕಾಗಲ್ಲ ಮೇಡಂ. ಅದು ಬಂದೇ ಬರುತ್ತೆ."

ಅಕ್ಕನೂ ನಾನೂ ಹೂ ಚೆಲ್ಲಿದ ಮಂಚದ ಮೇಲೆ ಕೂತು ಕೇಕು ಕತ್ತರಿಸುವುದನ್ನು ನೆನೆದು ಮೈಯೆಲ್ಲ ಉರಿಯಿತು. ಆದರೂ ದಸರಾ ರಜೆಗೆ ಇಬ್ಬರ ಹೆಸರು ಬರೆಸಿ, ಊರಂಚಿನ ಗುತ್ತಲಿನ ಮನೆಗೆ ಬಂದು ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದುಕೊಂಡೆ. ಆ ದೋಣಿಯೊಂದು ಇಲ್ಲದಿದ್ದರೆ ಅವನ ಮೆಟ್ಟಿಲನ್ನೇ ನಾನು ಹತ್ತುತ್ತಿರಲಿಲ್ಲ.

ದೋಣಿಯ ಆಸೆ ನನ್ನದಲ್ಲ, ಅಕ್ಕನದು. ಮದ್ದೂರು ತಾಲ್ಲೂಕಿನ ಕೊಪ್ಪದಿಂದ ಸ್ವಲ್ಪ ಒಳಗಿನ ಹಳ್ಳಿಗೆ ಅವಳನ್ನು ಕೊಟ್ಟದ್ದು. ಯುಗಾದಿಗೆ ಹೋದಾಗ ಯಾರೋ ಕಳಿಸಿದ ವಿಡಿಯೋ ಒಂದನ್ನು ಅವಳಿಗೆ ತೋರಿಸಿದ್ದೆ. ದೋಣಿಯ ತಳಕ್ಕೆ ಗಾಜು ಹಾಕಿದ್ದಾರೆ, ಸುತ್ತ ಜನ ಬಗ್ಗಿ ಕೂತಿದ್ದಾರೆ, ಕೆಳಗೆ ಹವಳ, ಹಳದಿ ಮೀನು. ಅಕ್ಕ ಮೀನಿನ ಬಗ್ಗೆ ಕೇಳಲಿಲ್ಲ.

"ನೀರಿನ ತಳ ಕಾಣ್ತದಾ?" ಅಂದಳು.

"ಕಾಣುತ್ತಕ್ಕ."

"ಕೆಸ್ರಿಲ್ವಾ?"

ಅವಳು ಕಂಡ ನೀರೆಲ್ಲ ನಾಲೆಯ ನೀರು. ಕೆಂಪಗೆ ಬರುತ್ತದೆ, ಕೆಂಪಗೆ ಹೋಗುತ್ತದೆ, ಜೊತೆಗೆ ಈಗ ಪ್ಲಾಸ್ಟಿಕ್ ಕವರು, ಬಿಯರ್ ಬಾಟಲಿ, ಕೋಳಿ ಅಂಗಡಿಯ ಪುಕ್ಕವನ್ನೂ ಹೊತ್ತು ತರುತ್ತದೆ. ಆ ವಿಡಿಯೋವನ್ನು ಮೂರು ಸಲ ಹಾಕಿಸಿಕೊಂಡು ನೋಡಿದಳು. "ಒಂದ್ಸಲ ಹಂಗೆ ಬಗ್ಗಿ ನೋಡ್ಬೇಕು ಕಣಮ್ಮಿ" ಅಂದಳು. ಅರವತ್ತರ ಹತ್ತಿರ ಬಂದ ನನ್ನಕ್ಕ ತನಗೆ ಏನಾದರೂ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮದುವೆಯಾದಾಗಿನಿಂದ ಅವಳು ಹೊರಗಡೆ ರಾತ್ರಿ ಕಳೆದದ್ದು ಹೆರಿಗೆಗೆ, ಆಪರೇಶನ್‌ಗೆ, ಅಷ್ಟೇ. ಬೆಳಿಗ್ಗೆ ಸಂಜೆ ಹಸು ಕರೆಯಬೇಕು, ಡೈರಿಗೆ ಹಾಲು ಹಾಕಬೇಕು. ಒಂದೇ ಸೀಮೆ ಹಸುವಿಗೆ ಕರೆಯುವ ಮಷೀನು ಯಾರು ತರುತ್ತಾರೆ? ನಮ್ಮಮ್ಮ ತೀರಿಕೊಂಡ ದಿನವೂ ಮಣ್ಣು ಮಾಡಿ, ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಸಂಜೆ ಬಸ್ಸು ಹತ್ತಿ ಹೋಗಿ ಹಾಲು ಕರೆದು ಮಾರನೆಯ ಬೆಳಿಗ್ಗೆ ಬಂದಳು. ಭಾವ ಆ ರಾತ್ರಿ ನಮ್ಮ ಮನೆಯಲ್ಲೇ ಉಳಿದು ಸೊಂಪಾಗಿ ಗೊರಕೆ ಹೊಡೆದರು.

ಭಾವ ಕೆಟ್ಟವರೆಂದು ಊರಲ್ಲಿ ಯಾರೂ ಹೇಳುವುದಿಲ್ಲ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ. ನಮ್ಮ ಕಡೆ ಗಂಡಸು ಒಳ್ಳೆಯವನು ಅನ್ನಿಸಿಕೊಳ್ಳಲು ಇಷ್ಟು ಸಾಕು. ಕಬ್ಬಿನ ಗದ್ದೆಗೆ ನೀರು ತಿರುಗಿಸಿ ಬಂದರೆ ಆ ದಿನದ ಅವರ ಕೆಲಸ ಮುಗಿಯಿತು. ಆಮೇಲೆ ಟೀ ಅಂಗಡಿಯ ಬೆಂಚು, ಬೆಂಕಿಕಡ್ಡಿಯಲ್ಲಿ ಹಲ್ಲು ಕೆದಕುವುದು, ಕೆದಕಿದ್ದನ್ನು ಒಮ್ಮೆ ನೋಡಿ ಮತ್ತೆ ಬಾಯಿಗೇ ಹಾಕಿಕೊಳ್ಳುವುದು.

ಅಕ್ಕನಿಗೆ ಗರ್ಭಕೋಶದ ಆಪರೇಶನ್ ಆದಾಗ ಭಾವನ ತಂಗಿ ಬಂದು ಹಸು ನೋಡಿಕೊಂಡಿದ್ದಳು. ಆ ಕಥೆಯನ್ನು ಭಾವ ಪ್ರತಿ ಬಾಡೂಟದಲ್ಲೂ ಮೂಳೆ ಚೀಪುತ್ತ ಹೇಳುತ್ತಿದ್ದರು. "ಅಸ ಅಂದ್ರೆ ಏನಂದ್ಕಂಡ್ರಿ? ನನ್ ತಂಗಿ ತೊಳ್ದಿದ್ ಸೀರೆ ಉಟ್ಕಂಡು ಕೂತ್ಳು, ಮೂಸ್ಬುಟ್ಟು ಜಾಡ್ಸಿ ಒದೀತು. ಆಮ್ಯಾಕೆ ನಾನೇ ಏಳ್ಕೊಟ್ಟೆ. ಇವ್ಳು ಬಿಚ್ಚಾಕಿದ್ ಕೊಳೆ ಸೀರೇನ ಮೇಲೆ ಸುತ್ಕಳಮ್ಮಿ ಅಂದೆ. ಸುತ್ಕಂಡ್ಳು ನೋಡು, ದೇವ್ರಂಗೆ ನಿಂತ್ಕತು!" ಎಲ್ಲರೂ ನಗುತ್ತಿದ್ದರು. ಅಕ್ಕ ಎಲೆಗಳಿಗೆ ಮುದ್ದೆ ಹಾಕುತ್ತಿರುತ್ತಿದ್ದಳು. ಆ ತಂಗಿಗೆ ಈಗ ಮಂಡಿನೋವು, ಕುಕ್ಕರಗಾಲಲ್ಲಿ ಕೂರಲು ಆಗದು.

ಟೂರು ಬುಕ್ ಮಾಡಿದ ವಾರ ನಾನು ಅಕ್ಕನಿಗೊಂದು ಸೀರೆ ತೆಗೆದೆ. ಸಮುದ್ರದ ಗಾಳಿಗೆ ಬೇಗ ಒಣಗಲಿ ಎಂದು ತೆಳುವಾದ ಕಾಟನ್, ತಿಳಿ ನೀಲಿ. ಫಾಲ್ ಹೊಲಿಸಿ, ಭಾನುವಾರ ಅದನ್ನು ಚೀಲದಲ್ಲಿಟ್ಟುಕೊಂಡು ಹೊರಟೆ. ಮದ್ದೂರಿನಲ್ಲಿ ಬಸ್ಸು ಬದಲಾಯಿಸುವಾಗ ಪಕ್ಕದಲ್ಲಿ ನಿಂತಿದ್ದವನು ಕ್ಯಾಕರಿಸಿ ಉಗಿದ. ಚೀಲವನ್ನು ಎದೆಗೆ ಅವುಚಿಕೊಂಡು ಹಿಂದಕ್ಕೆ ಸರಿದೆ.

ಅಕ್ಕ ಸೀರೆಯನ್ನು ಮಡಿಕೆ ಬಿಚ್ಚದೆ ಮೇಲೆ ಮೇಲೆ ಸವರಿ, ಬೀರುವಿನೊಳಗೆ ಇಟ್ಟು ಬಂದಳು. ಭಾವನಿಗೆ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಹಲ್ಲು ಕೆದಕಿದರು.

"ಅಂಡಮಾನಾ? ಇವ್ಳಿಗೇನ್ ಗೊತ್ತಾಯ್ತದೆ ಕಣಮ್ಮ ಅಲ್ಲಿ? ಒಂದ್ ಕೆಲ್ಸ ಮಾಡು, ಇವ್ಳ ಟಿಕೀಟ್ಗೆ ನಾನ್ ಬತ್ತೀನಿ. ನಿಂಗೂ ಗಂಡಸ್ರು ಅಂತ ಒಬ್ರು ಜೊತೇಲಿದ್ದಂಗಾಯ್ತದೆ."

"ಟಿಕೆಟ್ಟು ಅಕ್ಕನ ಹೆಸರಲ್ಲಿದೆ ಭಾವ."

"ಎಸ್ರು ಬದ್ಲಾಯಿಸ್ದ್ರಾಯ್ತು ಬುಡು."

ಅಷ್ಟರಲ್ಲೇ ಫೋನು ತೆಗೆದು ಅಂಡಮಾನಿನ ಬೀಚು ಹುಡುಕತೊಡಗಿದರು. ನಾನು ನೀರು ತರಲು ಅವರ ಹಿಂದಿನಿಂದ ಹೋಗುತ್ತ ನೋಡಿದೆ. ಬೀಚೂ ಇರಲಿಲ್ಲ, ಹವಳವೂ ಇರಲಿಲ್ಲ. ಚಡ್ಡಿಯಲ್ಲಿ ಓಡಾಡುವ ಬಿಳಿ ಹೆಂಗಸರನ್ನು ಎರಡು ಬೆರಳಿನಲ್ಲಿ ಎಳೆದು ದೊಡ್ಡದು ಮಾಡಿ ನೋಡುತ್ತಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಕಡ್ಡಿ ಕೆಳತುಟಿಗೆ ಅಂಟಿಕೊಂಡಿತ್ತು. ಈ ಮನುಷ್ಯನ ತಟ್ಟೆಯನ್ನು ನನ್ನಕ್ಕ ಇಷ್ಟು ವರ್ಷ ತೊಳೆದಿದ್ದಾಳಲ್ಲ ಎಂದು ಹೇಸಿಗೆಯಾಯಿತು. ಗಂಡ ಬರಲಿ, ಗಂಡನ ಅಪ್ಪ ಬರಲಿ, ಹೆಸರು ಬದಲಾಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ.

"ಅಂಗಾರೆ ಅಸ ಯಾರ್ ಕರೀತಾರೆ?"

"ನೀವು."

ಭಾವ ಮೊದಲು ನಕ್ಕರು. ಆಮೇಲೆ ನಾನು ನಗುತ್ತಿಲ್ಲ ಎಂಬುದನ್ನು ನೋಡಿದರು. "ಆಯ್ತು ಬುಡು. ಬರೋ ಭಾನ್ವಾರ ಸೀರೆ ಸುತ್ಕಂಡು ಕೂತ್ಕತೀನಿ. ಅಸ ಒಪ್ಪುದ್ರೆ ಇವ್ಳು ಓಗ್ಲಿ. ಒಪ್ನಿಲ್ವಾ, ಬುಟ್ಬುಡಿ. ಆಮ್ಯಾಕೆ ನಂದೇನೂ ತಪ್ಪಿಲ್ಲ." ಅಕ್ಕನ ಕಡೆ ನೋಡಿದೆ. ಅವಳು ತಲೆಯಾಡಿಸಿದಳು. "ಅಸ ಒಪ್ಪುದ್ರೆ ಓಯ್ತೀನಿ" ಅಂದಳು. ಆ ಮನೆಯಲ್ಲಿ ಹಸುವಿನ ಒಪ್ಪಿಗೆ ಕೇಳುವುದಕ್ಕೆ ಒಂದು ದಿನ ಗೊತ್ತಾಯಿತು. ಅಕ್ಕನ ಒಪ್ಪಿಗೆಯನ್ನು ಯಾರೂ, ಯಾವತ್ತೂ ಕೇಳಿದವರಲ್ಲ.

ಆ ವಾರವಿಡೀ ನಾನು ಮಳವಳ್ಳಿಯ ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸಿದೆ. ಅಕ್ಕ ದಿನಾ ಫೋನ್ ಮಾಡುತ್ತಿದ್ದಳು. ವಿಮಾನದಲ್ಲಿ ಕಿವಿ ನೋಯುತ್ತದಾ, ದೋಣಿಯಲ್ಲಿ ವಾಂತಿ ಬರುತ್ತದಾ, ಬಗ್ಗಿದರೆ ಕನ್ನಡಕ ಬೀಳುತ್ತದಾ. ಕನ್ನಡಕಕ್ಕೆ ದಾರ ಕಟ್ಟಿಕೊಳ್ಳುತ್ತೇನೆ ಅಂದಳು. ಹಸುವಿನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಭಾನುವಾರ ನಾನು ಮೊದಲ ಬಸ್ಸಿಗೆ ಹೋದರೂ ಕೊಟ್ಟಿಗೆಯ ಮುಂದೆ ಆಗಲೇ ಜನ ಸೇರಿದ್ದರು. ಟೀ ಅಂಗಡಿಯ ಬೆಂಚಿನವರಷ್ಟೂ ಬಂದಿದ್ದರು, ಕೈಯಲ್ಲಿ ಫೋನು ಹಿಡಿದು. ಗಂಡಸು ಸೀರೆ ಉಡುವುದೆಂದರೆ ಇವರಿಗೆ ಪುಕ್ಕಟೆ ಬಯಲಾಟ. ಅಕ್ಕ ಬಕೆಟ್ಟಿನಲ್ಲಿ ಬಿಸಿನೀರು ತಂದು, ಕೆಚ್ಚಲು ತೊಳೆದು, ಹಸುವಿನ ಮುಂದೆ ಹಿಂಡಿ ಇಟ್ಟು, ಪಕ್ಕಕ್ಕೆ ನಿಂತಳು. ಅವಳು ಹಿಂದಿನ ಸಂಜೆ ಉಟ್ಟು ಹಾಲು ಕರೆದಿದ್ದ ಹಳೆಯ ನೈಲಾನ್ ಸೀರೆ ಕೊಟ್ಟಿಗೆಯ ಗೂಟದ ಮೇಲೆ ಸಿದ್ಧವಾಗಿತ್ತು.

ಭಾವ ಒಳಗಿನಿಂದ ಬಂದರು. ಪಂಚೆಯ ಮೇಲೆ ಸುತ್ತಿಕೊಂಡಿದ್ದು ತಿಳಿ ನೀಲಿ ಕಾಟನ್ ಸೀರೆ.

"ಭಾವ, ಅದು ಹೊಸದು!" ನಾನು ಕೂಗಿದೆ.

"ಒಸಾದಾದ್ರೇನು ಅಳೇದಾದ್ರೇನು ಕಣಮ್ಮ, ಸೀರೆ ಅಂದ್ರೆ ಸೀರೆ" ಎಂದು ಸೊಂಟ ಕುಣಿಸಿದರು. ಬೆಂಚಿನವರು ಶಿಳ್ಳೆ ಹೊಡೆದರು. ಪ್ರತಿ ಬಾಡೂಟದಲ್ಲೂ ತಮ್ಮ ಬಾಯಿಂದಲೇ ಹೇಳಿದ್ದ ಕಥೆ ಅವರಿಗೆ ಮರೆತಿರಲು ಸಾಧ್ಯವೇ ಇರಲಿಲ್ಲ.

ಹಸು ತಿರುಗಿ ಮೂಸಿತು. ಅಂಗಡಿಯ ಗಂಜಿ ವಾಸನೆ ಬಿಟ್ಟರೆ ಆ ಬಟ್ಟೆಯಲ್ಲಿ ಮತ್ತೇನೂ ಇರಲಿಲ್ಲ. ಭಾವ ಕೂತು ಕೆಚ್ಚಲಿಗೆ ಕೈ ಹಾಕುವುದಕ್ಕೂ ಅದು ಒದೆಯುವುದಕ್ಕೂ ಸರಿಹೋಯಿತು. ಪಾತ್ರೆ ಗೋಡೆಗೆ ಬಡಿಯಿತು. ಭಾವ ಹಿಂದಕ್ಕೆ, ಗಂಜಲ ನಿಂತಿದ್ದ ಗುಳಿಗೆ, ಅಂಗಾತ ಬಿದ್ದರು. ಬಿದ್ದ ಜಾಗದಲ್ಲೇ ಹೊರಳಿ, ಸೆರಗನ್ನು ಸೆಗಣಿಯಲ್ಲಿ ಚೆನ್ನಾಗಿ ಒರೆಸಿಕೊಂಡು ಎದ್ದರು.

"ನೋಡುದ್ರಾ? ಒಪ್ನಿಲ್ಲ!" ಅಂದರು. ಮುಖದ ತುಂಬ ನಗು. "ನಂದೇನಾದ್ರೂ ತಪ್ಪದಾ? ಎಲ್ರೂ ನೋಡವ್ರೆ."

ಎಲ್ಲರೂ ನೋಡಿದ್ದರು, ನಗುತ್ತಿದ್ದರು, ವಿಡಿಯೋ ಮಾಡಿಕೊಂಡಿದ್ದರು. ಆ ನೀಲಿ ಸೀರೆಯ ಅಂಚಿನಿಂದ ಹಸಿರು ನೀರು ತೊಟ್ಟಿಕ್ಕುತ್ತಿತ್ತು. ಸೆಗಣಿ ನನಗೆ ಯಾವತ್ತೂ ಅಸಹ್ಯವಲ್ಲ, ನಾನೂ ಬಳಿದುಕೊಂಡೇ ಬೆಳೆದವಳು. ಅಸಹ್ಯವಾದದ್ದು ಆ ನಗು. ಅಲ್ಲಿದ್ದ ಪೊರಕೆ ತೆಗೆದುಕೊಂಡು ಮುಖಕ್ಕೆ ಬಾರಿಸಬೇಕೆನ್ನಿಸಿತು, ಒಂದು ಹೆಜ್ಜೆ ಮುಂದಕ್ಕೂ ಇಟ್ಟೆ. ಅಕ್ಕ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಸರಿಸಿ, ತಾನು ಮುಂದೆ ಹೋದಳು.

ಗೂಟದ ಮೇಲಿನ ಹಳೆಯ ಸೀರೆ ತೆಗೆದು ಭಾವನ ಮುಂದೆ ಹಿಡಿದಳು.

"ಅದ್ನ ಬಿಚ್ಚಿ. ಅದು ನಾನು ಉಟ್ಕಂಡು ಓಗಾಕೆ ತಂದಿರಾದು. ಇದ್ನ ಸುತ್ಕಳಿ."

"ಅಸ ಒಪ್ನಿಲ್ವಲ್ಲ..."

"ಕೆಚ್ಚಲು ತುಂಬ್ಕಂಡದೆ. ಅದ್ಕೆ ನೋಯ್ತದೆ. ಸುತ್ಕಂಡ್ ಕೂತ್ಕಳಿ."

ದನಿ ಏರಿಸಲಿಲ್ಲ. ಸೀರೆ ಹಿಡಿದ ಕೈಯನ್ನೂ ಇಳಿಸಲಿಲ್ಲ. ಬೆಂಚಿನವರ ನಗು ಒಬ್ಬೊಬ್ಬರದೇ ನಿಂತಿತು. ಭಾವ ಅವರ ಕಡೆ ನೋಡಿದರು. ನೀಲಿ ಸೀರೆ ಬಿಚ್ಚಿ ಕೆಳಗೆ ಹಾಕಿದರು, ಬೆವರು, ಹಾಲು, ಹಿಂಡಿಯ ವಾಸನೆಯ ಆ ನೈಲಾನ್ ಸೀರೆಯನ್ನು ಮೂಗು ಸೊಟ್ಟ ಮಾಡಿಕೊಂಡು ಸುತ್ತಿಕೊಂಡು ಕೂತರು. ಹಸು ತಿರುಗಿ ಮೂಸಿತು. ಒಂದು ನಿಟ್ಟುಸಿರು ಬಿಟ್ಟು ಹಿಂಡಿಗೆ ಬಾಯಿ ಹಾಕಿತು. ಪಾತ್ರೆಯ ತಳಕ್ಕೆ ಹಾಲು ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

ಅಕ್ಕ ನಿಂತು ನೋಡಲಿಲ್ಲ. ನೀಲಿ ಸೀರೆ ಎತ್ತಿಕೊಂಡು ನಲ್ಲಿಯ ಕಲ್ಲಿಗೆ ಹೋದಳು. ನಾನೂ ಒಂದು ಅಂಚು ಹಿಡಿದೆ. ಮೂರು ನೀರಿನಲ್ಲಿ ಜಾಲಿಸಿದೆವು, ಸೋಪು ಹಾಕಿ ಉಜ್ಜಿದೆವು. ವಾಸನೆ ಹೋಯಿತು, ಸೆರಗಿನಲ್ಲಿ ಅಂಗೈಯಗಲದ ಹಳದಿ ಕಲೆ ಮಾತ್ರ ಹೋಗಲಿಲ್ಲ. ನನಗೆ ಅಳು ಬಂತು. ಬೇರೆ ಸೀರೆ ತರುತ್ತೇನೆ ಅಂದೆ.

ಅಕ್ಕ ಕಲೆಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಒಮ್ಮೆ ಜೋರಾಗಿ ಒದರಿ ತಂತಿಯ ಮೇಲೆ ಹರವಿದಳು.

"ಬ್ಯಾಡ ಕಣಮ್ಮಿ, ಇದೇ ಇರ್ಲಿ. ಆ ದೋಣಿಲಿ ಎಲ್ರೂ ಕೆಳಕ್ಕೆ ಬಗ್ಗಿ ನೋಡ್ತಿರ್ತಾರೆ. ನನ್ ಸೀರೆ ಯಾರ್ ನೋಡಾರು?"