ಒಳೆಬಾಗ್ಲು

ಬೀಚನಹಳ್ಳಿಯ ಅಣೆಕಟ್ಟೆಯಿಂದ ಕೆಳಗೆ, ಹೊಳೆಯ ದಡದಲ್ಲಿ, ಹಿಂದೆ ದೊರೆಗಳು ಕಟ್ಟಿಸಿದ ಬಂಗಲೆಯಿದೆ. ಅಲ್ಲಿಗೆ ಮೊಸರು ಕೊಡಲು ಹೋಗುತ್ತಿದ್ದ ಅವ್ವ ಒಂದು ದಿನ ನನ್ನನ್ನೂ ಕೈಹಿಡಿದು ಕರೆದೊಯ್ದಳು. ಒಳಬಾಗಿಲವರೆಗೂ ಹೋದೆವು. ಕೆಂಪು ಗಾರೆಯ ನೆಲ ಅಂಗಾಲಿಗೆ ತಣ್ಣಗಿತ್ತು. ಅವ್ವ ತೀರಿಕೊಂಡಾಗ ನಾನು ತೀರ ಚಿಕ್ಕವಳು. ಅವಳದೆಂದು ನನ್ನಲ್ಲಿ ಉಳಿದಿರುವುದು ಇದೊಂದೇ ನೆನಪು.

ಬಂಗಲೆ ಈಗ ಸರ್ಕಾರದ ಅಧಿಕೃತ ನಿವಾಸ. ರಾಜ್ಯದ ದೊಡ್ಡವರು ಬಂದರೆ ಅಲ್ಲೇ ತಂಗುತ್ತಾರೆ. ಅವರಿಲ್ಲದ ಭಾನುವಾರ ಜನರನ್ನು ತೋಟದವರೆಗೆ ಬಿಡುತ್ತಾರೆಂದು ಕೇಳಿ, ಅವ್ವನ ಅಕ್ಕ, ನನ್ನ ದೊಡ್ಡಮ್ಮನನ್ನು ಕರೆದುಕೊಂಡು ಹೋದೆ. ಅವ್ವನಿಗೆ ಆಗದ ದಿನ ಮೊಸರು ಹೊತ್ತವಳು ಅವಳೇ.

ಗೇಟಿನ ಪೊಲೀಸಿನವನು ನಮ್ಮನ್ನು ಮೇಲಿಂದ ಕೆಳಗೆ ನೋಡಿದ.

“ಆಧಾರ್ ತಂದಿದ್ದೀರಾ ಅಜ್ಜಿ?”

“ಊಂ ಸಾ,” ಅಂದಳು ದೊಡ್ಡಮ್ಮ. ತಂದಿರಲಿಲ್ಲ.

“ಮೊಬೈಲ್ ಇಲ್ಲೇ ಕೊಟ್ರಾ?”

“ಊಂ ಸಾ.” ಅದು ಅವಳ ಸೊಂಟದಲ್ಲೇ ಇತ್ತು.

ನನ್ನ ಗುರುತಿನ ಚೀಟಿ ತೋರಿಸಿ ಹೇಗೋ ಒಳಗಾದೆವು. ದೊಡ್ಡಮ್ಮ ಸುಮ್ಮನಿರದೆ ತಿರುಗಿ ಕೇಳಿದಳು: “ಒಳೆಬಾಗ್ಲು ಈಗ ಯಾವ್ ಕಡೀಕೆ ಸಾ?”

ಅವನು ಎದ್ದೇ ನಿಂತ. “ಒಳಬಾಗ್ಲಾ? ಅದ್ಯಾಕಜ್ಜಿ ನಿಮ್ಗೆ? ಯಾರ್ ಕಳ್ಸಿದ್ದು?”

“ಅಯ್, ಒಳ್ಗಡೆ ಬಾಗ್ಲಲ್ಲ ಕಣಪ್ಪ! ಒಳೆ, ಒಳೆ! ನೀರ್ ಅರಿಯೋ ಒಳೆ! ಅಡ್ಗೆಯವ್ನು ಅಲ್ಲೇ ಮೊಸ್ರು ಈಸ್ಕತಿದ್ದ. ನಮ್ಮಂತೋರ್ನ ಒಳಕ್ಕೆ ಯಾವನ್ ಬುಡ್ತಿದ್ದ?”

ಪೊಲೀಸಿನವನು ನಕ್ಕ. ನನಗೆ ನಗು ಬರಲಿಲ್ಲ. ನಮ್ಮೂರ ಬಾಯಲ್ಲಿ ಹೊಳೆ ಒಳೆಯಾಗುತ್ತದೆ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಮನೆಯವರು ಆಡುತ್ತಿದ್ದ ಆ ಮಾತನ್ನು, ಓದಲು ಹೋದ ಮೇಲೆ ನಾನೇ ಒಳಬಾಗಿಲು ಎಂದು ತಿದ್ದಿಕೊಂಡೆನೇ? ಬಾಗಿಲಾದ ಮೇಲೆ ಅದರಾಚೆಗೊಂದು ನೆಲ ಬೇಕೆಂದು ಕೆಂಪು ಗಾರೆಯನ್ನೂ ಹಾಕಿಸಿದೆನೇ?

ಹೊಳೆಬಾಗಿಲಿಗೆ ಈಗ ಕಬ್ಬಿಣದ ಸರಳು. ಮುಂದೆ ನೀರಿಗಿಳಿಯುವ ಮೆಟ್ಟಿಲು. ಬೂದು ಕಲ್ಲು, ಬಿಸಿಲಿಗೆ ಕಾದಿತ್ತು.

“ದೊಡ್ಡಮ್ಮ, ಅವ್ವ ನನ್ನ ಇಲ್ಲಿಗೆ ಕರ್ಕೊಂಡ್ ಬಂದಿದ್ಲಾ?”

ಅವಳು ನನ್ನ ಮುಖ ನೋಡಿದಳು. “ಊಂ ಕಣವ್ವ.”

“ಕೈ ಹಿಡ್ಕೊಂಡು?”

“ಊಂ.”

“ಕೆಂಪು ನೆಲ ಇತ್ತಾ?”

“ಊಂ ಕಣ್ ಮಗ, ಇತ್ತು.”

ಬೇಕೆಂದೇ ಒಂದು ಸುಳ್ಳು ಪ್ರಶ್ನೆ ಹಾಕಿ ಪರೀಕ್ಷಿಸಬಹುದಿತ್ತು. ನಾಲಿಗೆಯ ತುದಿಗೆ ಬಂದಿದ್ದನ್ನು ನುಂಗಿಕೊಂಡೆ. ಅಷ್ಟರಲ್ಲಿ ಅವಳ ಸೊಂಟದಲ್ಲಿ ಮೊಬೈಲ್ ಬಡಿದುಕೊಳ್ಳತೊಡಗಿತು. ಗೇಟಿನ ಕಡೆಯಿಂದ ಪೊಲೀಸಿನವನು ನಮ್ಮತ್ತಲೇ ಬರುತ್ತಿದ್ದ.