ಮರುಳಪ್ಪ ಮಾವನ ಪರೀಕ್ಷಾ ಕೇಂದ್ರ

ನನ್ನ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಎಂಬಿಬಿಎಸ್ ಮುಗಿಸಿ ನಾಲ್ಕು ವರ್ಷ ಆದಮೇಲೆ, ಅಜ್ಜಂಪುರದ ಒಂದು ಪಡಸಾಲೆಯಲ್ಲಿ ನನ್ನನ್ನು ಕಾಪಿ ಚೀಟಿಗಾಗಿ ತಪಾಸಣೆ ಮಾಡಲಾಗುತ್ತಿತ್ತು. ಮಾಡಿಸುತ್ತಿದ್ದವರು ಪಕ್ಕದ ಮನೆಯ ಮರುಳಪ್ಪ ಮಾವ, ಹೈಸ್ಕೂಲಿನ ನಿವೃತ್ತ ಅಟೆಂಡರ್. ಹೆಣ್ಣುಮಕ್ಕಳನ್ನು ಗಂಡಸರು ತಪಾಸಣೆ ಮಾಡುವುದು ನಿಯಮಕ್ಕೆ ವಿರುದ್ಧವಾದ್ದರಿಂದ ಆ ಕೆಲಸಕ್ಕೆ ಅಡುಗೆಮನೆಯಿಂದ ಅವರ ಹೆಂಡತಿ ಗೌರತ್ತೆ ಬರಬೇಕಿತ್ತು. ಅತ್ತೆ ಹಿಟ್ಟಿನ ಕೈ ಒರೆಸಿಕೊಂಡು ಬಂದು, ನನ್ನ ದುಪಟ್ಟಾ ಒಮ್ಮೆ ಕೊಡವಿ, ಏನೂ ಇಲ್ಲ ಎಂದು ವರದಿ ಒಪ್ಪಿಸಿ ರೊಟ್ಟಿ ತಟ್ಟಲು ಹೋಗುತ್ತಿದ್ದರು.

ಆಪರೇಷನ್ನಿಗೆ ಮುಂಚೆ ರೋಗಿಗೆ ಮತ್ತು ಬರಿಸುವ ಅರಿವಳಿಕೆ ವೈದ್ಯರಾಗಲು ಹೊರಟವರು ಮೊದಲು ಮೂಲ ವಿಜ್ಞಾನಗಳ ಪರೀಕ್ಷೆ ದಾಟಬೇಕು. ಉಸಿರು, ರಕ್ತ, ಔಷಧಿ, ಸಿಲಿಂಡರಿನೊಳಗಿನ ಗ್ಯಾಸಿನ ಒತ್ತಡ, ಎಲ್ಲವೂ ಅದರಲ್ಲಿ ಬರುತ್ತದೆ. ನಾನು ಎರಡು ಸಲ ಮುಗ್ಗರಿಸಿದ್ದೆ. ಮೂರನೆಯ ಸಲ ಕಟ್ಟುವ ಹೊತ್ತಿಗೆ ತರಬೇತಿಯ ಭಾಗವಾಗಿ ಕಡೂರಿನ ಆಸ್ಪತ್ರೆಗೆ ಹಾಕಿದರು. ಬೀರೂರಿನ ಮೇಲೆ ಬಸ್ಸಿನಲ್ಲಿ ಹೋಗಿ ಬರುತ್ತಾ ಊರಿನಲ್ಲೇ ಉಳಿದೆ. ನನ್ನ ಸೋಲಿನ ಸುದ್ದಿ ಮಾವನ ಕಿವಿಗೆ ಬಿದ್ದ ಮರುದಿನವೇ ಅವರು ಕೇಂದ್ರ ತೆರೆದರು. ತಿಳಿಯದಿದ್ದಕ್ಕೆ ಯಾರೂ ಫೇಲಾಗುವುದಿಲ್ಲ, ಪರೀಕ್ಷೆ ಅಭ್ಯಾಸವಿಲ್ಲದ್ದಕ್ಕೆ ಆಗುತ್ತಾರೆ ಎಂಬುದು ಅವರ ಸಿದ್ಧಾಂತ. ಮೂವತ್ತೈದು ವರ್ಷ ಪರೀಕ್ಷಾ ಕೊಠಡಿಗಳಲ್ಲಿ ನೀರು ಕೊಟ್ಟು, ಗಂಟೆ ಬಾರಿಸಿ, ಫಲಿತಾಂಶದ ಹಾಳೆ ಅಂಟಿಸಿದವರ ಎದುರು ನಾನು ಏನು ವಾದಿಸಲಿ?

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸ್ಟೀಲ್ ತಟ್ಟೆಗೆ ಕುಟ್ಟಾಣಿಯಿಂದ ಬಾರಿಸಿದರೆ ಮೊದಲ ಗಂಟೆ. ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ನನ್ನ ನೋಂದಣಿ ಸಂಖ್ಯೆ. ಇದ್ದದ್ದು ಒಬ್ಬಳೇ ಅಭ್ಯರ್ಥಿಯಾದರೂ ಸಂಖ್ಯೆಯಲ್ಲಿ ಆರು ಅಂಕಿಗಳಿದ್ದವು. ಅರಗು ಹಾಕಿದ ಲಕೋಟೆಯನ್ನು ಗೌರತ್ತೆ ಮತ್ತು ಹಾಲಿನ ರಂಗಮ್ಮನವರ ಸಮಕ್ಷಮ ಒಡೆದು, ಇಬ್ಬರಿಂದಲೂ ಸಹಿ ಹಾಕಿಸಿಕೊಳ್ಳುತ್ತಿದ್ದರು. ಮಧ್ಯಾಹ್ನ ಒಂದರವರೆಗೆ ಅತ್ತೆಯ ಕುಕ್ಕರ್ ಕೂಗುವಂತಿರಲಿಲ್ಲ.

ಪ್ರಶ್ನೆಪತ್ರಿಕೆಯೂ ಅವರದೇ. ಇಂಗ್ಲಿಷ್ ಅರ್ಥವಾಗದಿದ್ದರೂ ಅಕ್ಷರ ಗೊತ್ತಿತ್ತು. ನನ್ನ ದಪ್ಪ ಪುಸ್ತಕ ತೆರೆದು ಚಿತ್ರಗಳ ಕೆಳಗಿನ ಸಾಲುಗಳನ್ನು ಮುದ್ದಾಗಿ ಕಾಪಿ ಮಾಡುತ್ತಿದ್ದರು. ಹೀಗಾಗಿ ಪ್ರಶ್ನೆಗಳೆಲ್ಲ ‘ಮೇಲಿನ ಚಿತ್ರವನ್ನು ವಿವರಿಸಿ’ ಎಂಬ ಧಾಟಿಯವು, ಚಿತ್ರ ಮಾತ್ರ ಇರುತ್ತಿರಲಿಲ್ಲ. ಯಾವ ಚಿತ್ರ ಎಂದು ಕೇಳಿದರೆ ಪರೀಕ್ಷೆ ನಡೆಯುವಾಗ ಮೇಲ್ವಿಚಾರಕರು ಪ್ರಶ್ನೆಯ ಬಗ್ಗೆ ಬಾಯಿ ಬಿಡುವಂತಿಲ್ಲ ಎನ್ನುತ್ತಿದ್ದರು. ಮೌಲ್ಯಮಾಪನದಲ್ಲಿ ಅಂಚು ಬಿಟ್ಟು ಬರೆದದ್ದಕ್ಕೆ, ಅಡಿಗೆರೆಗೆ, ಹೆಚ್ಚುವರಿ ಹಾಳೆ ಪಡೆದದ್ದಕ್ಕೆ ಅಂಕ. ನನಗೆ ಸದಾ ಡಿಸ್ಟಿಂಕ್ಷನ್. ನಿಜವಾದ ಪರೀಕ್ಷೆಯಲ್ಲಿ ಬರೆಯುವುದೇ ಇಲ್ಲ, ಸರಿ ತಪ್ಪು ಎಂದು ವೃತ್ತ ತುಂಬುವುದಷ್ಟೆ ಎಂದು ಒಮ್ಮೆ ಹೇಳಿಬಿಟ್ಟೆ. ಅಂಚೇ ಇಲ್ಲದ ಪರೀಕ್ಷೆಯನ್ನು ನಂಬಿ ಜನರಿಗೆ ಮತ್ತು ಬರಿಸುತ್ತಾರಲ್ಲ ಎಂದು ಅವರು ಎರಡು ದಿನ ಕಳವಳಪಟ್ಟರು.

ಇಷ್ಟೆಲ್ಲದರ ನಡುವೆ ಒಂದು ಒಳ್ಳೆಯದೂ ಆಗುತ್ತಿತ್ತು. ಕೊನೆಯ ಗಂಟೆ ಬಾರಿಸಿದ ಮೇಲೆ, ಬರೆದದ್ದನ್ನು ಕನ್ನಡದಲ್ಲಿ ಹೇಳು ಎಂದು ಕೂರಿಸಿಕೊಳ್ಳುತ್ತಿದ್ದರು. ನಡುನಡುವೆ ಯಾಕೆ, ಯಾಕೆ ಎನ್ನುತ್ತಿದ್ದರು. ನಾಲ್ಕನೆಯ ‘ಯಾಕೆ’ಗೆ ನಾನು ತಡವರಿಸುತ್ತಿದ್ದೆ. ಆಗ ಪುಸ್ತಕವನ್ನು ನನ್ನ ಕಡೆ ತಳ್ಳಿ ಎದ್ದುಹೋಗುತ್ತಿದ್ದರು.

ಅವರಿಗೆ ತೊಡೆಸಂದಿಯಲ್ಲಿ ಹರ್ನಿಯಾ ಇತ್ತು. ನಿಂಬೆಹಣ್ಣಿನಷ್ಟಿದ್ದದ್ದು ಒಂದೂವರೆ ವರ್ಷದಲ್ಲಿ ಮೂಸಂಬಿಯಷ್ಟಾಗಿತ್ತು. ಆಪರೇಷನ್ ಮಾಡಿಸಿ ಎಂದರೆ, ನೀನು ಪಾಸಾಗು, ನೀನೇ ಮತ್ತು ಕೊಡು, ಅಲ್ಲಿಯವರೆಗೆ ಯಾರ ಕೈಗೂ ಮೈ ಕೊಡುವುದಿಲ್ಲ ಎಂದು ಕೂತಿದ್ದರು. ಕರುಳು ಅದರೊಳಗೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ ಎಂದು ಚಿತ್ರ ಬರೆದು ತೋರಿಸಿದೆ. ಚಿತ್ರ ಚೆನ್ನಾಗಿದೆ ಎಂದು ಐದು ಅಂಕ ಕೊಟ್ಟರು. ನನಗೆ ನಗು ಬರಲಿಲ್ಲ, ಭಯವಾಗಿತ್ತು.

ಮೂರನೆಯ ಸಲದ ಫಲಿತಾಂಶ ಬಂದಾಗ ನಾನು ಬೀರೂರು ದಾಟಿದ ಬಸ್ಸಿನಲ್ಲಿದ್ದೆ. ಮೊಬೈಲಿನಲ್ಲಿ ನೋಡಿದೆ. ಫೇಲ್. ಊರಲ್ಲಿ ಇಳಿದು ನಡೆದು ಬಂದರೆ ಮಾವ ಜಗಲಿಯ ಮೇಲೆ ತೊಡೆಸಂದಿ ಒತ್ತಿ ಹಿಡಿದು ಕೂತಿದ್ದಾರೆ, ಹಣೆಯ ತುಂಬ ಬೆವರು. ಹರ್ನಿಯಾದ ಗಂಟು ಅರ್ಧ ಗಂಟೆ ಹೊತ್ತು ಒಳಗೆ ಹೋಗದೆ ಈಗಷ್ಟೇ ಹೋಯಿತಂತೆ. ಮುಂದಿನ ಸಲ ಹೋಗದಿದ್ದರೆ? ಈಗ ಹೇಗಿದೆ ಎಂದು ಕೇಳಿದೆ. ಆಮೇಲೆ, ಪಾಸಾದೆ ಮಾವ, ಈ ವಾರವೇ ಆಪರೇಷನ್ ಮಾಡಿಸೋಣ ಎಂದೆ. ಅವರು ನನ್ನ ಮುಖ ನೋಡಿ, ಆಗಲಿ ಎಂದರು.

ಮೂರನೆಯ ದಿನ ಅಜ್ಜಂಪುರದ ಬಸ್ ನಿಲ್ದಾಣದಲ್ಲಿ ಇಳಿದರೆ ಎದುರಿಗೆ ನಾನೇ ನಿಂತಿದ್ದೆ, ಹತ್ತಡಿ ಎತ್ತರಕ್ಕೆ, ಯಾರದೋ ಮದುವೆಗೆ ಉಟ್ಟಿದ್ದ ರೇಷ್ಮೆ ಸೀರೆಯಲ್ಲಿ. ಮಾವ ತರೀಕೆರೆಗೆ ಹೋಗಿ ಫ್ಲೆಕ್ಸ್ ಮಾಡಿಸಿಕೊಂಡು ಬಂದಿದ್ದರು. ‘ಮತ್ತು ಬರಿಸುವ ಮೂಲ ವಿಜ್ಞಾನಗಳಲ್ಲಿ ಅಮೋಘ ತೇರ್ಗಡೆ.’ ಕೆಳಗಿನ ಮೂಲೆಯಲ್ಲಿ ಕೈಮುಗಿದ ಅವರ ಪುಟ್ಟ ಫೋಟೊ. ಆಟೋದವರು ಎದ್ದು ನಿಂತು ನಮಸ್ಕಾರ ಹೇಳಿದರು. ಅಜ್ಜಂಪುರ ತಾಲ್ಲೂಕು ಕೇಂದ್ರ ಆದಮೇಲೆ ಊರಿಗೆ ಬಂದ ಮೊದಲ ಹೆಮ್ಮೆ ಎಂದು ಬೇಕರಿಯವರು ಬೆಣ್ಣೆ ಬಿಸ್ಕತ್ತಿನ ಪೊಟ್ಟಣ ಕೈಗಿಟ್ಟರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆಪರೇಷನ್ನಿನ ಹಿಂದಿನ ದಿನ, ನಾಳೆ ಉಪವಾಸ ಇರಿ ಮಾವ ಎಂದು ಹೇಳಿದೆ. ಬೆಳಿಗ್ಗೆ ಕಡೂರಿಗೆ ಬಂದವರು ಬಹಳ ಶಿಸ್ತಾಗಿ ಉಪವಾಸವಿದ್ದರು, ಅಂದರೆ ಒಗ್ಗರಣೆ ಅವಲಕ್ಕಿ, ಎರಡು ಬಾಳೆಹಣ್ಣು ಮತ್ತು ಒಂದು ಲೋಟ ಹಾಲಿನಲ್ಲಿ. ಶಿವರಾತ್ರಿಗೂ ಸೋಮವಾರಕ್ಕೂ ಅವರ ಮನೆಯಲ್ಲಿ ಅದೇ ಪದ್ಧತಿ. ಅನ್ನ ಮುಟ್ಟಿಲ್ಲ ಎಂದು ಆಣೆ ಮಾಡಿದರು. ತುಂಬಿದ ಹೊಟ್ಟೆಯವರನ್ನು ಮೇಜಿನ ಮೇಲೆ ಮಲಗಿಸುವಂತಿಲ್ಲ. ಹೊಟ್ಟೆ ಖಾಲಿಯಾಗಲು ಎಷ್ಟು ಗಂಟೆ ಎಂದು ಬಾಯಿಪಾಠ ಮಾಡಿದವಳಿಗೆ ಅವಲಕ್ಕಿ ತಿನ್ನಬೇಡಿ ಎಂದು ಹೇಳಲು ಬರಲಿಲ್ಲವೇ ಎಂದು ನಮ್ಮ ಹಿರಿಯ ಡಾಕ್ಟರು ಕೇಳಿದರು. ತಪ್ಪು ನನ್ನದೇ. ಆಪರೇಷನ್ ಮರುದಿನಕ್ಕೆ ಹೋಯಿತು.

ಮರುದಿನ ಹಿರಿಯರು ಪಕ್ಕದಲ್ಲಿ ನಿಂತು ನೋಡುತ್ತಿರಲು ನಾನೇ ಮಾವನ ಬೆನ್ನಿಗೆ ಇಂಜೆಕ್ಷನ್ ಕೊಟ್ಟೆ. ಸೊಂಟದ ಕೆಳಗೆ ಮಾತ್ರ ಮರಗಟ್ಟುತ್ತದೆ, ಎಚ್ಚರವಿರುತ್ತದೆ ಎಂದು ತಿಳಿದು ಅವರಿಗೆ ನಿರಾಸೆಯಾಯಿತು. ಎಚ್ಚರವಿದ್ದ ತಪ್ಪಿಗೆ ಕೊಠಡಿಯ ಮೇಲ್ವಿಚಾರಣೆಗೆ ಇಳಿದರು. ಸರ್ಜನ್ನರೂ ನರ್ಸಮ್ಮನೂ ಹರಟಿದಾಗ, ಮಾತು ಬೇಡ ಎಂದು ಗದರಿಸಿದರು. ಥಿಯೇಟರ್ ನಿಜವಾಗಿಯೂ ಸ್ತಬ್ಧವಾಯಿತು. ಆಗ ತಲೆಯ ಬಳಿ ಕೂತಿದ್ದ ನನಗೆ ಮಾತ್ರ ಕೇಳುವಂತೆ ಮೆಲ್ಲಗೆ ಶುರುಮಾಡಿದರು.

“ನೀನ್ ಪಾಸಾಗಿಲ್ಲ ಅಂತ ನಂಗೊತ್ತು ಕಣವ್ವಾ.”

ಮಾನಿಟರಿನಲ್ಲಿ ಅವರ ನಾಡಿ ನೆಟ್ಟಗಿತ್ತು. ನನ್ನದು ತಪ್ಪಿತು. ಹೇಗೆ ಗೊತ್ತಾಯಿತು ಎಂದೆ.

“ಪಾಸಾದ್ ಹುಡುಗ್ರು ಬೋರ್ಡ್ ಮುಂದೆ ತಮ್ ನಂಬರ್ನೇ ಎಲ್ಡೆಲ್ಡ್ ಸಲ ನೋಡ್ತವೆ. ಫೇಲಾದೋವು ಒಂದ್ಸಲ ನೋಡಿ ಪಕ್ಕದೋರ್ದು ಏನಾಯ್ತು ಅಂತ ವಿಚಾರುಸ್ತವೆ. ನೀನ್ ಬಂದೋಳೇ ನನ್ ಹರ್ನಿಯಾ ವಿಚಾರುಸ್ದೆ.”

ಮತ್ತೆ ಆಪರೇಷನ್ನಿಗೆ ಯಾಕೆ ಒಪ್ಪಿಕೊಂಡಿರಿ ಎಂದು ಕೇಳಿದೆ. ನಾನು ಸುಳ್ಳು ಹೇಳಲು ಅಷ್ಟು ಕಷ್ಟಪಟ್ಟೆನಲ್ಲ, ಅದನ್ನು ನೋಡಿ ಮನಸ್ಸು ಕರಗಿತಂತೆ. ಹಾಗಾದರೆ ಫ್ಲೆಕ್ಸ್?

“ಊರೋರ್ ಮುಂದೆ ಪಾಸಾದೋಳು ಹಿಂದಕ್ ಬರಂಗಿಲ್ಲ. ಇನ್ ಓದ್ಲೇಬೇಕು ನೀನು.”

ಓದಿದೆ. ಗಾಯ ಮಾಗಿದ ಮೇಲೆ ಕೇಂದ್ರ ಮತ್ತೆ ತೆರೆಯಿತು, ಆದರೆ ಈ ಸಲ ಬಾಗಿಲು ಹಾಕಿಕೊಂಡು. ಊರಿಗೆ ತಿಳಿಯಬಾರದೆಂದು ಗಂಟೆ ಇಲ್ಲ, ಸಾಕ್ಷಿಗಳೂ ಇಲ್ಲ. ಡಾಕ್ಟರವ್ವ ಮುಂದಿನ ದೊಡ್ಡ ಪರೀಕ್ಷೆಗೆ ಓದುತ್ತಿದ್ದಾಳೆ ಎಂದು ಮಾವ ಹೆಂಡತಿಗೂ ಹೇಳಿದ್ದರು. ನಾನು ಪರೀಕ್ಷೆ ಬರೆದು ಬಂದ ಹತ್ತನೆಯ ದಿನ, ಊಟ ಮಾಡಿ ಜಗಲಿಯಲ್ಲಿ ಒರಗಿದ ಮಾವ ಏಳಲಿಲ್ಲ. ಹೃದಯ ನಿಂತಿತ್ತು. ಚಟ್ಟ ಹೊತ್ತವರಲ್ಲಿ ಅವರ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳೇ ಹೆಚ್ಚಿದ್ದರು, ಎಸ್ಸೆಸ್ಸೆಲ್ಸಿ ಫೇಲಾದವರೂ ಇದ್ದರು.

ಫಲಿತಾಂಶ ಬಂದದ್ದು ಮರುತಿಂಗಳು. ಪಾಸ್. ನಾನೂ ಎರಡೆರಡು ಸಲ ನೋಡಿದೆ. ಪೇಡೆಯ ಡಬ್ಬಿ ಹಿಡಿದು ಗೌರತ್ತೆಯ ಮನೆಗೆ ಹೋಗಿ, ಅತ್ತೆ, ಮೂಲ ವಿಜ್ಞಾನದ ಪರೀಕ್ಷೆ ಪಾಸಾದೆ ಎಂದೆ. ಅತ್ತೆ ನನ್ನನ್ನು ಪಾಪ ಎನ್ನುವಂತೆ ನೋಡಿದರು. ಓದಿ ಓದಿ ಹುಡುಗಿಗೆ ಏನೋ ಆಗಿದೆ ಅಂದುಕೊಂಡಿರಬೇಕು.

“ಅದ್ ಪಾಸಾಗಿ ವರ್ಸಾಯ್ತಲ್ಲವ್ವಾ. ನಿಮ್ ಮಾವ ಊರ್ಗೆಲ್ಲ ಹೇಳಿರ್ನಿಲ್ವಾ?”

ಹೌದು ಅತ್ತೆ, ಮರೆತಿದ್ದೆ ಎಂದೆ. ಒಂದು ಪೇಡೆ ತೆಗೆದು ಅವರ ಬಾಯಿಗಿಟ್ಟೆ. ಇಡೀ ಅಜ್ಜಂಪುರದಲ್ಲಿ ನಾನು ಆ ದಿನ ಪಾಸಾದೆನೆಂದು ಹೇಳಿಕೊಳ್ಳಲು ಒಬ್ಬರೂ ಉಳಿದಿರಲಿಲ್ಲ.