ಒಂದು ಬೆರಳು ಈಚೆಗೆ ನಿಲ್ಲುತ್ತಿದ್ದ ಕೈ

ನಾನು ಬಾಕ್ಸಿಂಗ್ ಮಾಡುತ್ತಿದ್ದೆ ಎಂದರೆ ಮನೆಯಲ್ಲಿ ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಗಲಿ. ಈಗಿನ ನನ್ನ ಹೊಟ್ಟೆ ನೋಡಿದರೆ ನನಗೂ ನಗುವೇ ಬರುತ್ತದೆ. ಆದರೆ ಐವತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ಅರಸೀಕೆರೆ ರೈಲ್ವೆ ಸ್ಟೇಷನ್ನಿನಲ್ಲಿ ಬುಕಿಂಗ್ ಕ್ಲರ್ಕಾಗಿ ಸೇರಿದವನು, ಕೆಲವು ವರ್ಷ ಸಾಯಂಕಾಲಗಳನ್ನೆಲ್ಲ ಕೈಗೆ ಗ್ಲೌಸು ಕಟ್ಟಿಕೊಂಡು ಇನ್ನೊಬ್ಬರ ಮೂಗಿಗೆ ಗುರಿ ಇಡುವುದರಲ್ಲಿ ಕಳೆದೆ. ಗುರಿ ಇಟ್ಟೆ ಎಂದು ಬೇಕೆಂದೇ ಬರೆದಿದ್ದೇನೆ. ಹೊಡೆದೆ ಎಂದು ಬರೆಯುವಂತಾಗಲು ಬಹಳ ಕಾಲ ಹಿಡಿಯಿತು.

ಇದಕ್ಕೆ ನನ್ನನ್ನು ಎಳೆದು ತಂದವರು ಒಬ್ಬ ಗೂಡ್ಸ್ ಗಾರ್ಡು. ರೈಲ್ವೆಗೆ ಬರುವ ಮುಂಚೆ ಮಿಲಿಟರಿಯಲ್ಲಿದ್ದವರು, ಅಲ್ಲಿ ಬಾಕ್ಸಿಂಗ್ ಕಲಿತವರು. ಮೂಗು ಎರಡು ಕಡೆ ಮುರಿದು ಒಂದು ಥರಾ ನೇರವಾಗಿತ್ತು. ನಾವೆಲ್ಲ ಗಾರ್ಡ್ ಸಾಹೇಬರೆಂದೇ ಕರೆಯುತ್ತಿದ್ದೆವು. ಒಂದು ದಿನ ಅವರು ಬುಕಿಂಗ್ ಆಫೀಸಿನ ಬಾಗಿಲಲ್ಲಿ ನಿಂತು ನಾನು ಟಿಕೆಟ್ ಕೊಡುವುದನ್ನೇ ನೋಡುತ್ತಿದ್ದರು. ಗೂಡಿನಿಂದ ಟಿಕೆಟ್ ಎಳೆಯುವುದು, ತಾರೀಕಿನ ಅಚ್ಚಿಗೆ ತುರುಕುವುದು, ಚಿಲ್ಲರೆ ಹಾಕುವುದು, ಇಷ್ಟನ್ನೂ ನಾನು ಕತ್ತೆತ್ತದೆ ಮಾಡುತ್ತಿದ್ದೆ. ಶಿವಮೊಗ್ಗದ ಗಾಡಿಗೆ ನುಗ್ಗಿದ್ದ ಜನವೆಲ್ಲ ಕರಗಿದ ಮೇಲೆ, "ನಿನ್ನ ಕೈ ಚೆನ್ನಾಗಿ ಓಡುತ್ತೆ ಕಣಯ್ಯ, ಸಾಯಂಕಾಲ ಇನ್‌ಸ್ಟಿಟ್ಯೂಟ್ ಹಿಂದಕ್ಕೆ ಬಾ" ಅಂದರು.

ಹೋದೆ. ಇನ್‌ಸ್ಟಿಟ್ಯೂಟ್ ಅಂದರೆ ರೈಲ್ವೆ ನೌಕರರ ಕ್ಲಬ್ಬು; ಅದರ ಹಿಂದೆ ಒಂದು ಬೇವಿನ ಮರ, ಅದರ ಕೆಳಗೆ ಮರಳು, ಕೊಂಬೆಯಿಂದ ನೇತು ಹಾಕಿದ್ದ ಒಂದು ಗೋಣಿಚೀಲ. ಚೀಲದ ತಳಕ್ಕೆ ಮರಳು ತುಂಬಿ ಮೇಲೆಲ್ಲ ತೆಂಗಿನ ನಾರು ಗಿಡಿದಿದ್ದರು. ಅರಸೀಕೆರೆಯಲ್ಲಿ ನಾರಿಗೇನು ಬರ, ಕೊಬ್ಬರಿ ಮಂಡಿಯವರೇ ಬೇಕಾದಷ್ಟು ಕೊಟ್ಟಿದ್ದರಂತೆ.

ಅಲ್ಲಿ ನನ್ನ ಎದುರಿಗೆ ನಿಲ್ಲಿಸಿದ್ದು ಲೋಕೋ ಶೆಡ್ಡಿನ ಒಬ್ಬ ಫೈರ್‌ಮನ್ನನನ್ನು. ಗಂಡಸಿ ಕಡೆಯ ಹಳ್ಳಿಯವನು, ನನಗಿಂತ ಎರಡು ವರ್ಷ ದೊಡ್ಡವನಿದ್ದರೂ ಇರಬಹುದು. ಎಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಎತ್ತಿ ಹಾಕುವುದು ಅವನ ಕೆಲಸ. ನಾನು ಬೇಲೂರಿನ ಪೂಜೆಯವರ ಮಗ ಎನ್ನುವುದು ಸ್ಟೇಷನ್ನಿಗೆಲ್ಲ ಗೊತ್ತಿತ್ತು, ಹಾಗಾಗಿ ಅವನು ನನ್ನನ್ನು "ಸ್ವಾಮಿ" ಎಂದೇ ಕರೆಯುತ್ತಿದ್ದ. ಮುಖಕ್ಕೆ ಗುದ್ದಲು ಬರುವಾಗಲೂ "ಬತ್ತೀನಿ ಸ್ವಾಮಿ" ಅನ್ನುತ್ತಿದ್ದ.

ನಾವಿಬ್ಬರೂ ಆ ಚೀಲಕ್ಕೆ ಗುದ್ದಿದ ಮೊದಲ ದಿನವೇ ಇಬ್ಬರ ಜಾತಕವೂ ಬಯಲಾಯಿತು. ಅವನು ಗುದ್ದಿದರೆ ಚೀಲ ಇಡಿಯಾಗಿ ಆಚೆಗೆ ಹೋಗಿ ಕೊಂಬೆ ನರಳುತ್ತಿತ್ತು. ನಾನು ಗುದ್ದಿದರೆ ಪಟಪಟ ಎಂದು ಒಳ್ಳೇ ಸದ್ದು ಬರುತ್ತಿತ್ತು, ಧೂಳೂ ಏಳುತ್ತಿತ್ತು, ಚೀಲ ಮಾತ್ರ ಇದ್ದಲ್ಲೇ ಇರುತ್ತಿತ್ತು. ಅವನ ಗುದ್ದು ಬರುವುದು ನನಗೆ ಮೊದಲೇ ಕಾಣುತ್ತಿತ್ತು. ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಹೆಗಲನ್ನು ಕಿವಿಯ ತನಕ ಏರಿಸಿಕೊಂಡು, ಆಮೇಲೆ ಹೊರಡುತ್ತಿದ್ದ. ಅಷ್ಟರಲ್ಲಿ ನಾನು ಪಕ್ಕಕ್ಕೆ ಸರಿದು ಎರಡು ಹಾಕಿರುತ್ತಿದ್ದೆ. ಹಾಕಿದ್ದು ಅವನಿಗೆ ಗೊತ್ತಾಗುತ್ತಿತ್ತೋ ಇಲ್ಲವೋ.

ಗಾರ್ಡ್ ಸಾಹೇಬರು ಅವನಿಗೆ ಹೇಳುತ್ತಿದ್ದರು: "ಲೋ, ಮುಷ್ಟಿ ಈಗಲೇ ಯಾಕೆ ಬಿಗೀತೀಯ? ಸಲಿಕೆ ಎಸೆಯುವಾಗ ಕೈ ಸಡಿಲ ಇರಲ್ವ? ಹಂಗೇ ಬಿಡು. ಮುಟ್ಟೋ ಹೊತ್ತಿಗೆ ಬಿಗಿ." ಬಿಗಿದ ಕೈ ತನ್ನನ್ನು ತಾನೇ ಹಿಂದಕ್ಕೆ ಎಳೆಯುತ್ತದೆ, ಅದಕ್ಕೇ ನಿಧಾನ ಎಂದು ವಿವರಿಸುತ್ತಿದ್ದರು. ಅವನು ಬುದ್ಧಿವಂತ, ಬೇಗ ಕಲಿತ. ಕೈ ಸಡಿಲವಾದ ಹಾಗೆಲ್ಲ ಅವನ ಗುದ್ದು ಬೇಗ ಬರತೊಡಗಿತು, ಬೇಗ ಬಂದಷ್ಟೂ ಜೋರಾಯಿತು. ನನ್ನ ಪಕ್ಕೆಗೆ ಅದು ಚೆನ್ನಾಗಿ ಗೊತ್ತು.

ಅಂದ ಮೇಲೆ ವೇಗವೇ ಬಲ ಅಲ್ಲವೇ, ಹಾಗಿದ್ದರೆ ನನ್ನ ಗುದ್ದಿನಲ್ಲಿ ಯಾಕೆ ಏನೂ ಇಲ್ಲ ಎಂದು ನಾನು ತಲೆ ಕೆಡಿಸಿಕೊಂಡೆ. ಕಾಲೂರಿ ನೋಡಿದೆ, ಸೊಂಟ ತಿರುಗಿಸಿ ನೋಡಿದೆ. ಗಾರ್ಡ್ ಸಾಹೇಬರಿಗೂ ಬಗೆಹರಿಯಲಿಲ್ಲ. ಕೊನೆಗೊಂದು ದಿನ ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಕಣ್ಣನ್ನು ಚೀಲದ ಮಟ್ಟಕ್ಕೆ ತಂದುಕೊಂಡು ಬಹಳ ಹೊತ್ತು ನೋಡಿದರು.

"ನಿನ್ನ ಕೈ ಹೊರಡೋವಾಗ ಮೇಲ್ ಗಾಡಿ ಕಣಯ್ಯ. ಚೀಲದ ಹತ್ರ ಬರ್ತಿದ್ದಂಗೆ ಪ್ಯಾಸೆಂಜರ್ ಆಗುತ್ತೆ. ಒಂದು ಬೆರಳು ಈಚೇಲೇ ಬ್ರೇಕ್ ಬೀಳುತ್ತೆ. ಯಾರು ಹಾಕ್ತಾರೆ ಅಲ್ಲಿ ಬ್ರೇಕು?"

ನಾನು ಹಾಕುತ್ತಿಲ್ಲ ಎಂದೆ. ನಿಜವಾಗಿಯೂ ನಾನು ಹಾಕುತ್ತಿರಲಿಲ್ಲ. ಚೀಲದ ಈಚೆ ಮುಖಕ್ಕಲ್ಲ, ಆಚೆ ಮುಖಕ್ಕೆ ಹೊಡಿ, ಕೈ ಇನ್ನೂ ಓಡುತ್ತಿರುವಾಗಲೇ ತಾಗಬೇಕು ಅಂದರು. ಹೇಳುವುದು ಸುಲಭ.

ಅಷ್ಟರಲ್ಲಿ ಮೈಸೂರಿನಲ್ಲಿ ರೈಲ್ವೆಯವರ ಪಂದ್ಯ ಇದೆ, ಅರಸೀಕೆರೆಯಿಂದ ಹುಡುಗರನ್ನು ಕಳಿಸಬಹುದು ಎಂದು ಸುದ್ದಿ ಬಂತು. ನನಗೆ ಹೋಗಲೇಬೇಕೆಂಬ ಹಟ ಹಿಡಿಯಿತು. ನನ್ನ ಅಜ್ಜ, ಅಪ್ಪ, ದೊಡ್ಡಪ್ಪ ಎಲ್ಲರ ಕೈ ಏನು ಮಾಡಬೇಕೆಂದು ಅವರು ಹುಟ್ಟುವ ಮೊದಲೇ ತೀರ್ಮಾನವಾಗಿತ್ತು. ನನ್ನ ಕೈಗೆ ನಾನೇ ಆರಿಸಿಕೊಂಡ ಕೆಲಸ ಇದೊಂದೇ. ಇದರಲ್ಲೂ ಕೈಲಾಗದವನು ಅನ್ನಿಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ.

ಆ ವಾರವೇ ಒಂದು ಸಾಯಂಕಾಲ, ಅಭ್ಯಾಸದ ಮಧ್ಯೆ ಫೈರ್‌ಮನ್ ಗ್ಲೌಸು ಬಿಚ್ಚಿ ಬೇವಿನ ಮರದ ಬುಡದಲ್ಲಿಟ್ಟ.

"ನಾಳಿಂದ ನಾನು ನಿಮ್ಮ ಜತೆ ಆಡಾಕೆ ಬರಾಕಿಲ್ಲ ಸ್ವಾಮಿ."

ಯಾಕೆ ಎಂದೆ. ಜೋರಾಗಿ ಹೊಡೆದುಬಿಟ್ಟೆನೇನೋ ಎಂದು ಒಂದು ಕ್ಷಣ ಖುಷಿಯೂ ಆಗಿತ್ತು.

"ನೀವು ನನ್ನ ಮುಟ್ಟಾಕಿಲ್ಲ. ಗೌಸು ಇದ್ರೂವೆ ಮುಟ್ಟಾಕಿಲ್ಲ. ಟಿಕೀಟು ಕೊಡೋ ಕಿಟಕೀಲೂ ನೋಡಿವ್ನಿ, ಚಿಲ್ರೆ ಹಲಗೆ ಮ್ಯಾಲೆ ಬೀಳತೈತೆ, ಕೈಗೆ ಬರಾಕಿಲ್ಲ. ಅಲ್ಲಿ ಸರಿ, ನಾನೇನೂ ಅಂದ್ಕಳಾಕಿಲ್ಲ. ಇಲ್ಲೂ ಅಂಗೇ ಮಾಡಿದ್ರೆ ನಾನ್ಯಾಕೆ ಮೈ ಒಡ್ಡಬೇಕು?"

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಯಾರಿಗೂ ಕೈಗೆ ಕೊಡುವುದಿಲ್ಲ, ಅದು ನನ್ನ ರೂಢಿ, ಮಂಡಿಯ ಸಾಹುಕಾರರಿಗೂ ಹಲಗೆಯ ಮೇಲೇ ಹಾಕುತ್ತೇನೆ, ಬೇಕಾದರೆ ಬಂದು ನೋಡು ಎಂದು ಕೂಗಾಡಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಎಲ್ರಿಗೂ ಮಾಡ್ತೀರಿ ಅಂದ್ರೆ ನಂಗೆ ಮಾಡ್ಲಿಲ್ಲ ಅಂತಾಯ್ತದಾ?" ಅಂದು ಹೊರಟುಹೋದ.

ರಜೆ ಬಂದ ದಿನ ಬೇಲೂರಿನ ಬಸ್ಸು ಹತ್ತಿದೆ. ಜಾವಗಲ್ ದಾಟಿ ಹಳೇಬೀಡಿನಲ್ಲಿ ಬಸ್ಸು ನಿಂತಾಗ ಎಲ್ಲರೂ ಕಾಫಿಗೆ ಇಳಿದರು, ನಾನು ಇಳಿಯಲಿಲ್ಲ. ನನ್ನ ಬಲಗೈಯನ್ನೇ ನೋಡುತ್ತ ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಕೈಗೆ ಏನಾಗಿದೆ ಎಂದು ಕೇಳಿದರು.

ನಮ್ಮದು ಬೇಲೂರಿನ ಹಿಂದಿನ ಬೀದಿಯ ಒಂದು ಸಣ್ಣ ಗುಡಿ. ದೊಡ್ಡ ದೇವಸ್ಥಾನ ನೋಡಲು ಊರೂರಿಂದ ಬಂದವರು ಇತ್ತ ತಿರುಗಿಯೂ ನೋಡುತ್ತಿರಲಿಲ್ಲ, ಬೀದಿಯವರೇ ನಮ್ಮ ಭಕ್ತರು. ಮಾರನೆಯ ಬೆಳಗ್ಗೆ ಕಂಬಕ್ಕೊರಗಿ ನಿಂತು ಅಪ್ಪ ಪ್ರಸಾದ ಕೊಡುವುದನ್ನು ನೋಡಿದೆ. ಹುಟ್ಟಿದಾಗಿನಿಂದ ಕಂಡದ್ದನ್ನು ಅವತ್ತೇ ಮೊದಲು ನೋಡಿದೆ ಎನ್ನಬೇಕು. ಅಪ್ಪನ ಕೈ ತಟ್ಟೆಯಿಂದ ಸರಕ್ಕನೆ ಹೋಗುತ್ತಿತ್ತು, ಚಾಚಿದ ಅಂಗೈಗಿಂತ ಸ್ವಲ್ಪ ಮೇಲೆ ನಿಲ್ಲುತ್ತಿತ್ತು, ತೆಂಗಿನ ಚೂರನ್ನು ಬಿಟ್ಟು ಹಿಂದಕ್ಕೆ ಬರುತ್ತಿತ್ತು. ಒಂದು ಸಲವೂ ತಪ್ಪುತ್ತಿರಲಿಲ್ಲ, ಒಂದು ಸಲವೂ ತಾಗುತ್ತಿರಲಿಲ್ಲ.

ನನಗೂ ಅದನ್ನು ಅವರೇ ಕಲಿಸಿದ್ದು. ಉಪನಯನವಾದ ಹೊಸದರಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡು, "ಮೇಲಿಂದ ಬಿಡು ಕಣೋ, ತಾಗಿಸಬೇಡ" ಎಂದು ಮತ್ತೆ ಮತ್ತೆ ಮಾಡಿಸಿದ್ದರು. ಮನೆಯಲ್ಲಿ ಅಮ್ಮ ಮಡಿಯಲ್ಲಿದ್ದಾಗ ನಾವು ಮಕ್ಕಳು ಏನು ಕೊಡಬೇಕಾದರೂ ನೆಲದ ಮೇಲಿಟ್ಟು ತಳ್ಳುತ್ತಿದ್ದೆವು. ಓಡಿಹೋಗಿ ಅಮ್ಮನನ್ನು ತಬ್ಬಿಕೊಳ್ಳಲು ಹೊರಟು, ಅವಳ ಸೀರೆಯಿಂದ ಒಂದು ಬೆರಳಿನಷ್ಟು ಈಚೆಗೆ ನಿಂತದ್ದು ನನಗೆ ನೆನಪಿದೆ. ಆಗ ನನಗೆ ನಾಲ್ಕೋ ಐದೋ ವರ್ಷ. ನಮ್ಮ ಮನೆಯಲ್ಲಿ ಯಾರೂ ಕೆಟ್ಟವರಿರಲಿಲ್ಲ. ಹಸಿದು ಬಂದ ಯಾರನ್ನೂ ಅಪ್ಪ ಹಾಗೇ ಕಳಿಸಿದವರಲ್ಲ. ಆದರೆ ಓಡುವುದನ್ನೂ ನಿಲ್ಲುವುದನ್ನೂ ನನ್ನ ಕೈಗೆ ಒಟ್ಟೊಟ್ಟಿಗೆ ಕಲಿಸಿಬಿಟ್ಟಿದ್ದರು. ಗಾರ್ಡ್ ಸಾಹೇಬರು ಕೇಳಿದ ಬ್ರೇಕು ಅದೇ. ನನಗೆ ತಿಳಿಯದೆ ಹಾಕುತ್ತಿದ್ದೆ ಎಂದು ಗೊತ್ತಾದಾಗ ಸಮಾಧಾನವೇನೂ ಆಗಲಿಲ್ಲ, ನಾಚಿಕೆಯಾಯಿತು.

ಅರಸೀಕೆರೆಗೆ ವಾಪಸ್ಸಾದವನು ಸೀದಾ ಲೋಕೋ ಶೆಡ್ಡಿಗೆ ಹೋದೆ. ಅವನು ಡ್ಯೂಟಿ ಮುಗಿಸಿ ಮಸಿ ತೊಳೆದುಕೊಳ್ಳುತ್ತಿದ್ದ. ಇನ್ನೊಂದೇ ಸಲ ಬಾ ಎಂದೆ. ಟವೆಲು ಹೆಗಲಿಗೆ ಹಾಕಿಕೊಂಡು ಬಂದ.

ಮರಳಿನ ಮೇಲೆ ಎದುರು ಬದುರು ನಿಂತೆವು. ಮೊದಲಿನ ನಾಲ್ಕೈದು ಎಂದಿನಂತೆಯೇ ಹೋದವು. ಅವನು ತಲೆ ಅಲ್ಲಾಡಿಸಿದ. ಆಗ ನಾನು ಅವನ ಮುಖ ನೋಡುವುದನ್ನು ಬಿಟ್ಟೆ. ಅವನ ತಲೆಯ ಹಿಂದೆ ಬೇವಿನ ಬೊಡ್ಡೆಯ ಮೇಲೊಂದು ಗಂಟಿತ್ತು, ಅದನ್ನು ಮುಟ್ಟಬೇಕು ಎಂದುಕೊಂಡೆ. ಹಿಂಗಾಲಿನಿಂದ ಮೈ ತಿರುಗಿತು, ಕೈ ಸಡಿಲವಾಗಿ ಹೋಯಿತು. ನಿಲ್ಲುವ ಜಾಗ ಬಂತು, ನಿಲ್ಲಲಿಲ್ಲ. ಅವನ ದವಡೆಯ ಗಟ್ಟಿತನ ಮೊಣಕೈವರೆಗೂ ಬಂದು, ಇನ್ನೊಬ್ಬ ಮನುಷ್ಯನ ಮೂಳೆ ಹೀಗಿರುತ್ತದೆಯೇ ಅನ್ನಿಸಿತು.

ಅವನು ಮರಳಿನ ಮೇಲೆ ಕೂತುಬಿಟ್ಟಿದ್ದ. ತುಟಿ ಒಡೆದು ರಕ್ತ ಗಲ್ಲಕ್ಕಿಳಿದಿತ್ತು. ನಾನು ಓಡಿಹೋಗಿ ಅವನ ತಲೆ ಹಿಡಿದುಕೊಂಡೆ. ಅವನು ಕೆಂಪಾದ ಹಲ್ಲು ತೋರಿಸಿ ನಕ್ಕ.

"ಈಗ ಮುಟ್ತು ಸ್ವಾಮಿ."

ನನಗೆ ಅಳು ಬಂತು. ಗಾರ್ಡ್ ಸಾಹೇಬರು ನನಗೊಂದು, ಅವನಿಗೊಂದು ಬೈದು, ಬಿಸಿನೀರು ತರಿಸಿದರು.

ಮೈಸೂರಿಗೆ ಇಬ್ಬರೂ ಹೋದೆವು. ಅವನು ಗೆದ್ದ. ನಾನು ಮೊದಲನೇ ಪಂದ್ಯದಲ್ಲೇ ಒಬ್ಬ ಕೋಲುದ್ದದ ಆಸಾಮಿಯ ಕೈಲಿ ಸೋತೆ, ಅವನ ತೋಳು ನನ್ನದಕ್ಕಿಂತ ಗೇಣುದ್ದ ಹೆಚ್ಚಿಗೆ ಬರುತ್ತಿತ್ತು. ಆದರೂ ನಾನು ಕೊಟ್ಟ ಒಂದಕ್ಕೆ ಅವನು ಹಗ್ಗ ಹಿಡಿದುಕೊಂಡ. ಅಷ್ಟಕ್ಕೇ ವಾಪಸ್ಸು ಬರುವಾಗ ರೈಲಿನಲ್ಲಿ ದಾರಿಯುದ್ದಕ್ಕೂ ಹಾಡಿಕೊಂಡು ಬಂದೆ.

ಮಾರನೆಯ ವರ್ಷ ಅಪ್ಪನಿಗೆ ಜ್ವರ ಬಂದು ಬಹಳ ಸೊರಗಿದರು. ರಜೆ ಹಾಕಿ ಬೇಲೂರಿಗೆ ಹೋದವನು ಅವರ ಬದಲಿಗೆ ಪೂಜೆಗೆ ನಿಂತೆ. ಅಪ್ಪ ಕಂಬಳಿ ಹೊದ್ದು ಮಂಟಪದ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಹಾಗಿದ್ದಾಗ ಒಂದು ಬೆಳಗ್ಗೆ ಫೈರ್‌ಮನ್ ತನ್ನ ತಾಯಿಯನ್ನು ಕರೆದುಕೊಂಡು ಬಂದ. ಹುಲಿಕೆರೆಯಲ್ಲಿ ನಂಟರ ಮನೆ ಮದುವೆ ಮುಗಿಸಿ, ತಾಯಿಗೆ ದೊಡ್ಡ ದೇವಸ್ಥಾನ ತೋರಿಸಿ, ದಾರಿ ಕೇಳಿಕೊಂಡು ನಮ್ಮ ಸಣ್ಣ ಗುಡಿಗೂ ಬಂದಿದ್ದ. ಬಿಳೀ ಶರಟು ಹಾಕಿಕೊಂಡಿದ್ದ, ಗುರುತೇ ಸಿಕ್ಕಿರಲಿಲ್ಲ. ಬೀದಿಯವರು ನಾಲ್ಕಾರು ಜನ ಇದ್ದರು.

ಮಂಗಳಾರತಿಯಾಯಿತು. ತಟ್ಟೆ ಹಿಡಿದು ಗರ್ಭಗುಡಿಯ ಹೊಸ್ತಿಲಿಗೆ ಬಂದೆ. ಅವನು ಬಗ್ಗಿ ಬೊಗಸೆ ಒಡ್ಡಿದ. ನನ್ನ ಕೈ ಹೋಯಿತು, ನಿಲ್ಲಲಿಲ್ಲ, ತೆಂಗಿನ ಚೂರಿನ ಸಮೇತ ನನ್ನ ಬೆರಳು ಅವನ ಅಂಗೈಗೆ ತಾಗಿತು.

ಅವನು ಬೆಂಕಿ ಮುಟ್ಟಿದವನ ಹಾಗೆ ಕೈ ಎಳೆದುಕೊಂಡ. ನನ್ನ ಯಾವ ಗುದ್ದಿನಿಂದಲೂ ಅವನು ಅಷ್ಟು ಬೇಗ ತಪ್ಪಿಸಿಕೊಂಡದ್ದಿಲ್ಲ. ಚೂರು ಕಲ್ಲಿನ ಮೇಲೆ ಬಿತ್ತು. ಅವನ ಕಣ್ಣು ಅಪ್ಪ ಕೂತಿದ್ದ ಕಡೆಗೆ ಹೋಯಿತು. ನನಗೆ ಕಲಿಸಿದ ಹಾಗೆ ಅವನಿಗೂ ಯಾರೋ ಕಲಿಸಿದ್ದರು. ಎಳೇ ವಯಸ್ಸಿನಲ್ಲಿ ಅವನ ಮಣಿಕಟ್ಟನ್ನು ಯಾರು ಹಿಡಿದುಕೊಂಡಿದ್ದರೋ, ಹೇಗೆ ಹೇಳಿಕೊಟ್ಟಿದ್ದರೋ, ನಾನು ಒಂದು ದಿನವೂ ಯೋಚಿಸಿರಲಿಲ್ಲ.

ಹೊಸ್ತಿಲು ದಾಟಿ ಕೆಳಗಿಳಿದೆ. ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಇನ್ನೊಂದು ಚೂರು ತೆಗೆದುಕೊಂಡೆ. ಎಡಗೈಯಲ್ಲಿ ಅವನ ಮಣಿಕಟ್ಟು ಹಿಡಿದು, ಬಲಗೈಯಿಂದ ಚೂರನ್ನು ಅವನ ಅಂಗೈಯೊಳಗಿಟ್ಟು ಒತ್ತಿದೆ.

"ಆ ತಾಯಿಗೂ ಕೊಡು, ಕಾಯ್ತಾ ಇದ್ದಾರೆ" ಎಂದರು ಅಪ್ಪ, ಕಂಬಳಿಯೊಳಗಿಂದ. ಕಂಬಳಿ ಸರಿಮಾಡಿಕೊಳ್ಳುತ್ತ, "ಆಮೇಲೆ ಸ್ನಾನ ಮಾಡ್ಕೊಂಡು ಬಾ" ಎಂದರು.

ಆ ತಾಯಿಗೂ ಹಾಗೇ ಕೊಟ್ಟೆ. ಅವರ ಕೈ ಹಿಂದಕ್ಕೆ ಹೋಗಲಿಲ್ಲ. ಮಗ ಮಾತ್ರ ಇನ್ನೂ ಮುಷ್ಟಿ ಬಿಗಿದು ನಿಂತೇ ಇದ್ದ, ಗಾರ್ಡ್ ಸಾಹೇಬರ ಹತ್ತಿರ ಬೈಸಿಕೊಳ್ಳುತ್ತಿದ್ದನಲ್ಲ, ಹಾಗೇ.

"ಏನ್ಲಾ ಅಂಗೆ ಹಿಡ್ಕಂಡಿದ್ದೀಯಾ? ಕೈ ಬುಡ್ಸು, ತಿನ್ನು" ಎಂದರು ಅವನ ತಾಯಿ.

ಅವನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತಿಂದ. ನಾನು ತಟ್ಟೆ ಎತ್ತಿಕೊಂಡು ಮುಂದಿನವರ ಹತ್ತಿರ ಹೋದೆ. ಸ್ನಾನಕ್ಕೆ ಹೋಗಲಿಲ್ಲ. ಅಪ್ಪ ಎರಡನೇ ಸಲ ಹೇಳಲಿಲ್ಲ.